ವರನ ಹೆಸರಿಗೆ ನಿಂತುಹೋದ ಕಂಪ್ಯೂಟರ್

ತಿರುಮಲೇಶನಿಗೆ ಕಾರು ಓಡಿಸಲು ಬರುವುದಿಲ್ಲ ಎಂಬ ಸಂಗತಿ ಯಾರ ಗಮನಕ್ಕೂ ಬರುವ ಸಂಭವವಿರಲಿಲ್ಲ. ಅವನ ಹತ್ತಿರ ಕಾರೇ ಇರಲಿಲ್ಲ. ಇದ್ದದ್ದು ಮುಂಬಯಿ ಲೋಕಲ್ ರೈಲಿನ ಹಾರ್ಬರ್ ಲೈನಿನ ಸೆಕೆಂಡ್ ಕ್ಲಾಸ್ ಪಾಸು, ಮತ್ತು ವಡಾಲದಿಂದ ವಿ.ಟಿ. ಸ್ಟೇಷನ್ನಿನವರೆಗೆ ಬೇರೆಯವರ ಬೆನ್ನಿಗೆ ಮೂಗು ಒತ್ತಿಕೊಂಡು ನಿಂತು ಹೋಗುವ ಅಭ್ಯಾಸ. ಅಂಥ ಮನುಷ್ಯ ನಲವತ್ತು ದಾಟಿದ ಮೇಲೆ, ಆಂಟಾಪ್ ಹಿಲ್‌ನ ತನ್ನ ಮನೆಯ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕೆಂಪು ರೇಸ್ ಕಾರೊಂದನ್ನು ಸಮುದ್ರದಂಡೆಯ ರಸ್ತೆಯಲ್ಲಿ ಇನ್ನೂರು ಮೈಲಿ ವೇಗದಲ್ಲಿ ಓಡಿಸುತ್ತಿದ್ದಾನೆ ಎಂದರೆ ನಂಬುವವರು ಯಾರು? ಯಾರೂ ನಂಬುವ ಪ್ರಸಂಗವೇ ಬಾರದಿರಲಿ ಎಂದು ತಾನೆ ಅವನು ಬಾಗಿಲು ಹಾಕಿಕೊಳ್ಳುತ್ತಿದ್ದದ್ದು!

ಕಾರು ಇದ್ದದ್ದು ಕಂಪ್ಯೂಟರಿನ ಪರದೆಯ ಮೇಲೆ. ಸಾವಿರದೊಂಬೈನೂರ ತೊಂಬತ್ತೆರಡರಲ್ಲಿ ಮನೆಯಲ್ಲಿ ಕಂಪ್ಯೂಟರ್ ಇಡುವುದೆಂದರೆ ಬಾಗಿಲಲ್ಲಿ ಆನೆ ಕಟ್ಟಿದ ಹಾಗೆ. ತಿರುಮಲೇಶ ಹೆಡ್ ಕ್ಲಾರ್ಕ್ ಆಗಿದ್ದ ಹಡಗು ಕಂಪನಿಯಲ್ಲಿ ಸಹೋದ್ಯೋಗಿಯೊಬ್ಬ ದುಬೈಗೆ ಹಾರುವಾಗ ತನ್ನ ಆನೆಯನ್ನು ಇವನಿಗೆ ದಾಟಿಸಿ, ಜೊತೆಗೆ ಎರಡು ಫ್ಲಾಪಿ ಕೊಟ್ಟಿದ್ದ. ಒಂದರಲ್ಲಿ ಜಾತಕ ಕೂಡಿಸಿ ನೋಡುವ ಪ್ರೋಗ್ರಾಮು, ಇನ್ನೊಂದರಲ್ಲಿ ಕಾರಿನ ಆಟ.

"ಇದನ್ನ ಕಟ್ಕೊಂಡು ನಾವೇನು ಮಾಡೋದು?" ಎಂದು ಹೆಂಡತಿ ಸುಬ್ಬಲಕ್ಷ್ಮಿ ಕೇಳಿದಾಗ ತಿರುಮಲೇಶ ಕನ್ನಡಕ ಸರಿಪಡಿಸಿಕೊಂಡು, "ಆಫೀಸ್ ಕೆಲಸ. ಇನ್ಮೇಲೆ ಸ್ವಲ್ಪ ಮನೇಲೂ ಮಾಡ್ಬೇಕಾಗತ್ತೆ. ದೊಡ್ಡ ದೊಡ್ಡ ಲೆಕ್ಕ" ಎಂದಿದ್ದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂತು, ಹೇಳಿದ. ದೊಡ್ಡ ದೊಡ್ಡ ಸುಳ್ಳುಗಳೆಲ್ಲ ಹೀಗೇ ಸಣ್ಣ ಸಂಕೋಚದಲ್ಲಿ ಹುಟ್ಟುವುದು.

ಆಫೀಸಿನವರು ಅವನನ್ನು ಒಂದು ವಾರ ಕಂಪ್ಯೂಟರ್ ತರಬೇತಿಗೆ ಕಳಿಸಿದ್ದರು. ಅಲ್ಲಿ ಅವನಿಗೆ ಸರಿಯಾಗಿ ಅರ್ಥವಾದದ್ದು ಒಂದೇ: ಕಂಪ್ಯೂಟರ್ ಇರುವ ಕೋಣೆಗೆ ಬೂಟು ಬಿಚ್ಚಿಟ್ಟು ಹೋಗಬೇಕು. ಆ ಕಾಲದಲ್ಲಿ ಮುಂಬಯಿಯ ಯಾವ ಆಫೀಸಿನಲ್ಲಾದರೂ ಅದೇ ನಿಯಮ. ಮ್ಯಾನೇಜರ್ ಕೂಡ ಹರಿದ ಕಾಲುಚೀಲದಲ್ಲಿ ಹೆಬ್ಬೆರಳು ತೋರಿಸಿಕೊಂಡು ಒಳಗೆ ಹೋಗಬೇಕು. ತಿರುಮಲೇಶ ಈ ನಿಯಮವನ್ನು ಮನೆಗೂ ತಂದ. "ಚಪ್ಪಲಿ ಹೊರಗೆ! ಧೂಳು ಆಗಲ್ಲ ಇದಕ್ಕೆ!"

ಸುಬ್ಬಲಕ್ಷ್ಮಿ ಮೈಸೂರಿನ ಅಗ್ರಹಾರದಲ್ಲಿ ಬೆಳೆದ ಹೆಂಗಸು. ಅವಳು ಇದರಿಂದ ತೆಗೆದ ತಾತ್ಪರ್ಯದಲ್ಲಿ ತಪ್ಪೇನೂ ಇರಲಿಲ್ಲ. ಮಾರನೆಯ ದಿನವೇ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಕುಂಕುಮದ ಬಟ್ಟಲು ಹಿಡಿದು ಕಂಪ್ಯೂಟರಿನ ಮುಂದೆ ನಿಂತಳು.

"ಏನೇ ಇದು?"

"ಚಪ್ಪಲಿ ಬಿಟ್ಟು ಒಳಗೆ ಬಾ ಅಂದೋರು ನೀವೇ ತಾನೆ? ಚಪ್ಪಲಿ ಬಿಟ್ಟು ಹೋಗೋ ಜಾಗದಲ್ಲಿ ವಸ್ತು ಬರೀ ಹಣೇಲಿ ಇರಬಹುದಾ?"

ಮಲಗಿದ ಸೂಟ್‌ಕೇಸಿನಂಥ ಪೆಟ್ಟಿಗೆ, ಅದರ ಮೇಲೆ ಟೀವಿಯಂಥ ಪರದೆ. ಪೆಟ್ಟಿಗೆಯ ಮುಂಭಾಗದಲ್ಲಿ ನಟ್ಟನಡುವೆ ಒಂದು ಚೌಕದ ಗುಂಡಿ. ಹಣೆ ಎಂದರೆ ಅದೇ ಎಂದು ಸುಬ್ಬಲಕ್ಷ್ಮಿಗೆ ಅನಿಸಿತು. ಉಂಗುರದ ಬೆರಳಿನಿಂದ ಗಟ್ಟಿಯಾಗಿ ಒತ್ತಿ ಕುಂಕುಮವಿಟ್ಟಳು. ಗುಂಡಿಯ ಪಕ್ಕದಲ್ಲಿ ಹೊಳೆಯುತ್ತಿದ್ದ ಅಂಕಿ ಮೂವತ್ತಮೂರು ಇದ್ದದ್ದು ಎಂಟಾಯಿತು. ದೇವರು ಬಲಕ್ಕೆ ಹೂ ಕೊಟ್ಟ ಹಾಗಾಯಿತು ಅವಳಿಗೆ. ಕೈ ಮುಗಿದು, ಅಂದಿನಿಂದ ಒಂದು ದಿನವೂ ತಪ್ಪಿಸದೆ ಹಾಗೇ ಮಾಡಿದಳು. ಇಷ್ಟು ಸಾಲದು ಎಂದು ಒಂದು ಮಖಮಲ್ಲಿನ ಗವಸನ್ನೂ ಹೊಲಿದಳು. ಆ ಮನೆಯಲ್ಲಿ ಟೀವಿಗೆ ಗವಸಿತ್ತು, ಫ್ರಿಜ್ಜಿಗಿತ್ತು, ಮಿಕ್ಸಿಗಿತ್ತು, ಫೋನ್ ಇಲ್ಲದಿದ್ದರೂ ಮುಂದೆಂದಾದರೂ ಬಂದೀತು ಎಂದು ಅದಕ್ಕೂ ಒಂದು ಗವಸು ತಯಾರಿತ್ತು. ಹೀಗಿರುವಾಗ ಕಂಪ್ಯೂಟರೊಂದೇ ಬೆತ್ತಲೆ ಇರುವುದು ಹೇಗೆ? ಕೆಂಪು ಮಖಮಲ್ಲು, ಅಂಚಿಗೆ ಜರಿ, ಮುಂದೆ ಮಾತ್ರ ಕಿಟಕಿಯಂತೆ ತೆರಪು, ಹಿಂದುಗಡೆ ನೆಲ ಮುಟ್ಟುವಷ್ಟು ಇಳಿಬಿಟ್ಟ ನೆರಿಗೆ. ಹಿಂದುಗಡೆಯಿಂದ ಪಾಪ, ಒಂದು ಸಣ್ಣ ಫ್ಯಾನು ಗಾಳಿ ಹೊರಹಾಕಲು ಒದ್ದಾಡುತ್ತಿತ್ತು. ಅದರ ಗೋಳು ಕೇಳುವವರು ಯಾರು?

ಆಟಕ್ಕೆ ಕೂತಾಗ ಪೆಟ್ಟಿಗೆಯಿಂದ ಗುಂಯ್ ಎಂಬ ಸದ್ದು ಬಾಗಿಲು ದಾಟಿ ಹೊರಗೂ ಕೇಳಿಸುತ್ತಿತ್ತು. ಎದುರು ಮನೆಯ ಮೋನಪ್ಪ ಅದನ್ನು ಕೇಳಿ ತಲೆದೂಗುತ್ತಿದ್ದ. ಅವನು ವಡಾಲದ ಒಂದು ಉಡುಪಿ ಹೋಟೆಲಿನ ಮ್ಯಾನೇಜರು, ಮೂಲ ಮಂಗಳೂರಿನವ.

"ಲೆಕ್ಕ ಅರೆಯುವ ಶಬ್ದ ಅದು. ನಮ್ಮ ಗ್ರೈಂಡರಿನ ಹಾಗೆಯೇ ಉಂಟಲ್ಲ ಮಾರಾಯ್ರೆ! ಭಟ್ರು ಉದ್ದು ಅರೀತಾರೆ, ಇವ್ರು ಲೆಕ್ಕ ಅರೀತಾರೆ."

ತಿರುಮಲೇಶ ಒಳಗೆ ಕೂತನೆಂದರೆ ಮೋನಪ್ಪ ತನ್ನ ಮನೆಯ ಟೀವಿ ಸದ್ದು ತಗ್ಗಿಸುತ್ತಿದ್ದ. ಅವನ ಹೆಂಡತಿ ವಿನೋದಿನಿ ಮಕ್ಕಳನ್ನು ಗ್ಯಾಲರಿಯಿಂದ ಎಳೆದುಕೊಂಡು ಹೋಗುತ್ತಿದ್ದಳು. ಒಂದು ಸಲ ಮೋನಪ್ಪ ಗೋರೆಗಾಂವ್‌ನಲ್ಲಿ ತಾನು ತೆರೆಯಲಿದ್ದ ಹೊಸ ಹೋಟೆಲಿಗೆ ಕಂಪ್ಯೂಟರಿನಲ್ಲಿ ಮುಹೂರ್ತ ನೋಡಿ ಎಂದು ಕೇಳಿದಾಗ, ತಿರುಮಲೇಶ ಅವನನ್ನು ಬೇಗ ಸಾಗಹಾಕಿ ಕಾರಿಗೆ ಮರಳುವ ಅವಸರದಲ್ಲಿ ಬಾಯಿಗೆ ಬಂದ ಗುರುವಾರ ಹೇಳಿಬಿಟ್ಟಿದ್ದ. ಹೋಟೆಲು ನುಗ್ಗಿ ನಡೆಯಿತು. ಅಲ್ಲಿಗೆ ತಿರುಮಲೇಶ 'ಕಂಪ್ಯೂಟರ್ ಜೋಯಿಸ'ನಾದ. ಈ ಸುದ್ದಿ ಕಾಗದದ ಮೂಲಕ ಮೈಸೂರಿಗೆ ಹೋಗಿ, ಅವನ ಅತ್ತೆ ಕೌಸಲ್ಯಮ್ಮನ ಬಾಯಲ್ಲಿ ಇನ್ನಷ್ಟು ದಪ್ಪವಾಯಿತು.

ಇಷ್ಟರಲ್ಲಿ ಕಾರಿಗೆ ಕಾಯಿಲೆ ಬಂತು.

ಒಂದು ದಿನ ಕಾರು ಗಾಳಿಯ ಹಾಗೆ ಹೋಗುವುದು, ಮಾರನೆಯ ದಿನ ಅದೇ ಕಾರು ಗೂರಲು ರೋಗದವರು ಮೆಟ್ಟಿಲು ಹತ್ತುವಂತೆ ನಿಂತು ನಿಂತು, ಬಿಕ್ಕಿ ಬಿಕ್ಕಿ ಮುಂದಕ್ಕೆ ಬರುವುದು. ಅದರ ಮಾರನೆಯ ದಿನ ಮತ್ತೆ ಗಾಳಿ. ಚೆನ್ನಾಗಿ ಓಡುವ ದಿನವೂ ಸ್ವಲ್ಪ ಹೊತ್ತು ಓಡಿ, ಇನ್ನೇನು ಗೆದ್ದೆ ಎನ್ನುವಾಗ ಪರದೆ ಚಿತ್ರಪಟದ ಹಾಗೆ ನಿಂತುಬಿಡುವುದು. ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. ತಿರುಮಲೇಶನಿಗೆ ಊಟ ಸೇರಲಿಲ್ಲ. ಲೋಕಲ್ಲಿನಲ್ಲಿ ನಿಂತಿದ್ದಾಗಲೂ ಅವನ ಬಲಗೈ ಗಾಳಿಯಲ್ಲಿ ಗೇರು ಬದಲಿಸುತ್ತಿತ್ತು.

"ಏನಂತೆ, ಆಫೀಸ್ ಕೆಲಸ ನಿಂತೋಯ್ತಾ?" ಎಂದು ಸುಬ್ಬಲಕ್ಷ್ಮಿ ಮರುಗಿದಳು. ಗಂಡನ ದುಡಿಮೆಯ ನಿಷ್ಠೆ ಕಂಡು ಅವಳ ಕಣ್ಣಲ್ಲಿ ನೀರೇ ಬಂತು.

ಮೋನಪ್ಪ ಸುಮ್ಮನಿರುವ ಜನವಲ್ಲ. ತನ್ನ ಊರಿನವನೇ ಆದ ದೂಜ ಎಂಬವನನ್ನು ಕರೆತಂದ. ದೂಜ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ, ಆಮೇಲೆ ಟೀವಿ, ಈಗ ಕಾಲಕ್ಕೆ ತಕ್ಕ ಹಾಗೆ ಕಂಪ್ಯೂಟರ್ ಇಂಜಿನಿಯರು. ಅವನು ಗವಸು ಕಿತ್ತು ಬದಿಗೆಸೆದು, ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಬಾಯಿಂದ ಉಫ್ ಎಂದು ಊದಿ, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, "ಹಾಕಿ ನೋಡುವ" ಎಂದ. ಕಂಪ್ಯೂಟರ್ ನಡೆಯಿತು. ಅವನು ಎರಡು ಲೋಟ ಕಾಫಿ ಕುಡಿದು ಮುಗಿಸುವವರೆಗೂ ನಡೆಯಿತು. ವೈದ್ಯರ ಮುಂದೆ ಹಲ್ಲುನೋವು ಮಾಯವಾದ ಹಾಗೆ.

"ನಿಲ್ಲುದಿಲ್ಲ ಅಲ್ವಾ? ಯಾವ ಪ್ರೋಗ್ರಾಮು ಹಾಕಿದಾಗ ನಿಲ್ಲುದು ಸಾಮಿ, ಅದು ಹೇಳಿ" ಎಂದ ದೂಜ.

ತಿರುಮಲೇಶ ಸುತ್ತ ನೋಡಿದ. ಹಿಂದೆ ಸುಬ್ಬಲಕ್ಷ್ಮಿ ನಿಂತಿದ್ದಾಳೆ, ಬಾಗಿಲಲ್ಲಿ ವಿನೋದಿನಿ ನಿಂತಿದ್ದಾಳೆ. ಕಾರಿನ ಆಟ ಎನ್ನುವ ಹಾಗಿಲ್ಲ. ಆಫೀಸಿನದು ಎಂದರೆ ತೋರಿಸಿ ಎಂದಾನು, ತೋರಿಸಲು ಏನಿದೆ ಮಣ್ಣು?

"ಜಾತಕದ್ದು" ಎಂದುಬಿಟ್ಟ.

ಹೆಂಗಸರಿಬ್ಬರೂ ಒಟ್ಟಿಗೆ "ಅಯ್ಯೋ!" ಎಂದರು. ದೂಜ ಮಾತ್ರ ತಣ್ಣಗೆ, "ಅರ್ಥಿಂಗ್ ಇಲ್ಲ ನಿಮ್ಮಲ್ಲಿ. ತಂತಿ ಮಣ್ಣಿಗೆ ಮುಟ್ಟಬೇಕು" ಎಂದ. ಮೂರನೇ ಮಾಳಿಗೆಯಲ್ಲಿ ಮಣ್ಣು ಎಲ್ಲಿಂದ ತರುವುದು? ಇದ್ದ ಮಣ್ಣೆಲ್ಲ ಗ್ಯಾಲರಿಯ ತುಳಸಿ ಕುಂಡದಲ್ಲೇ ಇತ್ತು. ದೂಜ ಕಂಪ್ಯೂಟರಿನಿಂದ ಹಸಿರು ತಂತಿ ಎಳೆದು ತುಳಸಿಯ ಬುಡಕ್ಕೆ ಹೂತು, ದಿನಾ ನೀರು ಹಾಕಬೇಕೆಂದು ತಾಕೀತು ಮಾಡಿ ಹೋದ. ತುಳಸಿಗೂ ಕಂಪ್ಯೂಟರಿಗೂ ಹೀಗೆ ನೆಂಟಸ್ತಿಕೆಯಾದ ಮೇಲೆ ಸುಬ್ಬಲಕ್ಷ್ಮಿಯ ಭಕ್ತಿ ಇಮ್ಮಡಿಯಾಯಿತು. ಗವಸನ್ನು ಒಗೆದು, ಇಸ್ತ್ರಿ ಮಾಡಿ, ಇನ್ನೂ ಬಿಗಿಯಾಗಿ ತೊಡಿಸಿದಳು. ಕಾರು ಮತ್ತೆ ನಿಲ್ಲತೊಡಗಿತು.

ಈ ಸ್ಥಿತಿಯಲ್ಲಿ ಕೌಸಲ್ಯಮ್ಮ ಮೈಸೂರಿನಿಂದ ಬಂದಿಳಿದರು. ಬಂದದ್ದು ಕಿರಿಯ ಮಗಳ ಮದುವೆ ಮಾತಿಗೆ.

ಸುಬ್ಬಲಕ್ಷ್ಮಿಯ ತಂಗಿ ಶಾಮಲಾ ಅಕ್ಕಭಾವನ ಮನೆಯಲ್ಲೇ ಇದ್ದು ಗೋರೆಗಾಂವ್‌ನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಳು. ತಂದೆ ತೀರಿಕೊಂಡ ಮೇಲೆ ಅವಳನ್ನು ಓದಿಸಿ, ಮುಂಬಯಿಗೆ ಕರೆತಂದು, ಲೋಕಲ್ ಹತ್ತುವುದು ಇಳಿಯುವುದು ಕಲಿಸಿದವನು ತಿರುಮಲೇಶ. ಅವಳೆಂದರೆ ಅವನಿಗೆ ಪ್ರಾಣ. ಗೋರೆಗಾಂವ್‌ನಲ್ಲೇ ಇದ್ದ ಸೀತಾರಾಮನೆಂಬ ಇಂಜಿನಿಯರು ಬ್ಯಾಂಕಿನ ಕೌಂಟರಿನಲ್ಲಿ ಅವಳನ್ನು ಕಂಡು, ಆಮೇಲೆ ಕೆಲಸವಿಲ್ಲದಿದ್ದರೂ ಪಾಸ್‌ಬುಕ್ ಹಿಡಿದು ಬಂದು, ಕೊನೆಗೆ ಮನೆಯವರ ಕಿವಿಗೆ ಹಾಕಿದ್ದ. ಮೈಸೂರು ಕಡೆಯವರೇ, ಒಂದೇ ಪಂಗಡ. ಇಬ್ಬರಿಗೂ ಮನಸ್ಸಾಗಿತ್ತು. ಉಳಿದದ್ದು ಜಾತಕ ಒಂದೇ.

"ಮೈಸೂರಲ್ಲಿ ಜೋಯಿಸರಿಗೆ ಬರವೇ? ಆದ್ರೆ ಮನೇಲೇ ಕಂಪ್ಯೂಟರ್ ಇಟ್ಕೊಂಡು ಹೊರಗಿನೋರ ಹತ್ರ ಯಾಕೆ ಹೋಗ್ಲಿ?" ಎಂದು ಕೌಸಲ್ಯಮ್ಮ ಹೆಮ್ಮೆಯಿಂದ ಹೇಳಿದರು. "ಅಳಿಯಂದ್ರು ನೋಡಿ ಹೇಳಲಿ, ಅದೇ ವೇದವಾಕ್ಯ."

ಶುಕ್ರವಾರ ಸಂಜೆ ಜಾತಕ ನೋಡುವುದೆಂದಾಯಿತು. ತಿರುಮಲೇಶ ರಜೆ ಹಾಕಿ, "ಮೆಷಿನ್ ತಯಾರು ಮಾಡ್ಬೇಕು" ಎಂದು ಬಾಗಿಲು ಹಾಕಿಕೊಂಡು ಮಧ್ಯಾಹ್ನವೆಲ್ಲ ಕಾರು ಓಡಿಸಿದ. ಅತ್ತೆ ಬಂದ ಮನೆಯಲ್ಲಿ ಗಂಡಸು ಇನ್ನೆಲ್ಲಿಗೆ ಹೋಗಬೇಕು, ನೀವೇ ಹೇಳಿ! ಸಂಜೆಯಾಗುವಾಗ ಮಖಮಲ್ಲಿನ ಗವಸಿನೊಳಗೆ ಪೆಟ್ಟಿಗೆ ಇಡ್ಲಿಪಾತ್ರೆಯಾಗಿತ್ತು. ಆಗ ಬಾಗಿಲು ತೆರೆದು ಎಲ್ಲರೂ ಬಂದರು. ಸುಬ್ಬಲಕ್ಷ್ಮಿ ಗವಸಿನ ಮೇಲೆ ಮಲ್ಲಿಗೆ ದಂಡೆ ಹಾಕಿದಳು. ಮೋನಪ್ಪ ದಂಪತಿಗಳು ಕೈಕಟ್ಟಿ ನಿಂತರು. ತಿರುಮಲೇಶ ಶಾಮಲಾಳ ಹೆಸರು, ನಕ್ಷತ್ರ, ರಾಶಿ ಬಡಿದ. ಸರಿಹೋಯಿತು. ವರನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಬಡಿಯತೊಡಗಿದ. ಪರದೆಯ ಮೇಲೆ 'ಸೀತಾ' ಎಂದು ಮೂಡಿತು. ಅಲ್ಲಿಗೆ ಕಂಪ್ಯೂಟರು ನಿಂತಿತು.

ಎಷ್ಟು ಬಡಿದರೂ ಮುಂದಿನ ಅಕ್ಷರವಿಲ್ಲ. ಕೌಸಲ್ಯಮ್ಮ ಪರದೆಯನ್ನು ನೋಡಿದರು, ಅಳಿಯನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು.

"ಸೀತೆ ಬಂದ್ಲು. ರಾಮ ಬರ್ಲಿಲ್ಲ" ಎಂದರು. "ಶುಕ್ರವಾರ, ಗೋಧೂಳಿ ಹೊತ್ತು, ಸೀತೆ ಒಂಟಿಯಾಗಿ ನಿಂತ್ಲಲ್ಲೇ ಸುಬ್ಬೂ!"

"ಹಾಗೇನಿಲ್ಲ ಅತ್ತೆ, ಇದು ಆಗಾಗ..." ಎಂದು ತಿರುಮಲೇಶ ಶುರುಮಾಡಿ, ಆಗಾಗ ಯಾವಾಗ ನಿಲ್ಲುತ್ತದೆ ಎಂದು ಹೇಳಬೇಕಾಗುವುದು ನೆನಪಾಗಿ ಮಾತು ನುಂಗಿದ.

ಮಾರನೆಯ ಬೆಳಿಗ್ಗೆ ಮತ್ತೆ ಪ್ರಯತ್ನವಾಯಿತು. ಅಂದು ಬಿಕ್ಕುವ ದಿನ. ಹೆಸರೇನೋ ಪೂರ್ತಿಯಾಯಿತು, ಆದರೆ ಕಂಪ್ಯೂಟರು ಲೆಕ್ಕ ಹಾಕುತ್ತಾ ಹಾಕುತ್ತಾ ಕೂತಿತು. ಕೌಸಲ್ಯಮ್ಮ ವಿಷ್ಣು ಸಹಸ್ರನಾಮ ಮುಗಿಸಿದರು. ಅದು ಇನ್ನೂ ಲೆಕ್ಕ ಹಾಕುತ್ತಿತ್ತು. ಮೋನಪ್ಪ ಹೋಟೆಲಿಗೆ ಹೋಗಬೇಕಾದವನು ಹೋಗದೆ, "ಅದಕ್ಕೆ ಹೇಳ್ಲಿಕ್ಕೆ ಮನಸ್ಸಿಲ್ಲ ಮಾರಾಯ್ರೆ. ಕೆಟ್ಟದ್ದು ಹೇಳುದು ಹೇಗೆ ಅಂತ ಹಿಂದೆ ಮುಂದೆ ನೋಡ್ತಾ ಉಂಟು" ಎಂದು ಕಂಪ್ಯೂಟರಿನ ಮನಸ್ಸನ್ನು ಬಿಡಿಸಿ ಹೇಳಿದ. ವಿನೋದಿನಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಉತ್ತರ ಬರುವ ಮೊದಲೇ ಪರದೆ ನಿಂತೇಹೋಯಿತು.

"ಈ ಸಂಬಂಧ ಬೇಡ" ಎಂದರು ಕೌಸಲ್ಯಮ್ಮ.

ಶಾಮಲಾ ತಟ್ಟೆ ಕುಕ್ಕಿ ಎದ್ದು ಹೋದಳು. ಸುದ್ದಿ ಕೂರುವುದುಂಟೇ? ವಿನೋದಿನಿಯಿಂದ ಭಜನೆ ಮಂಡಳಿಗೆ, ಮಂಡಳಿಯಿಂದ ಮೋನಪ್ಪನ ಗೋರೆಗಾಂವ್ ಹೋಟೆಲಿಗೆ, ಅಲ್ಲಿಂದ ಅಂದೇ ಮಧ್ಯಾಹ್ನದ ಕಾಫಿಯ ಜೊತೆಗೆ ವರನ ತಂದೆಗೆ ಮುಟ್ಟಿತು. ಮುಟ್ಟುವ ಹೊತ್ತಿಗೆ ಅದು, 'ನಿಮ್ಮ ಮಗನ ಹೆಸರು ಬಡಿದ ಕೂಡಲೆ ಕಂಪ್ಯೂಟರಿನಿಂದ ಹೊಗೆ ಬಂತಂತೆ' ಎಂದಾಗಿತ್ತು.

ವರನ ತಂದೆ ನಂಜುಂಡಯ್ಯನವರು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಮುಂಬಯಿಯ ಅಂಗಡಿಕಾರರು ಅವರ ನೆರಳು ಕಂಡರೆ ತಕ್ಕಡಿ ಒರೆಸುತ್ತಿದ್ದ ಕಾಲವೊಂದಿತ್ತು. ಅವರು ಹೇಳಿ ಕಳಿಸಿದರು: "ನಾಳೆ ಭಾನುವಾರವೇ ಬರ್ತೀವಿ. ನಮ್ಮೆದುರಿಗೇ ಜಾತಕ ಹಾಕಿ. ನಮ್ಮ ಹುಡುಗನ ಹೆಸರಿಗೆ ಮೆಷಿನ್ ನಿಲ್ಲೋದಾದ್ರೆ ಈ ಮಾತು ಅಲ್ಲಿಗೇ ಮುಗೀತು."

ಅಂದೇ ಸಂಜೆ ಶಾಮಲಾ ಭಾವನನ್ನು ಗ್ಯಾಲರಿಯಲ್ಲಿ ಹಿಡಿದಳು.

"ಭಾವ, ನಿಮ್ಮ ಮೆಷಿನ್ ಕಾರಿಗೂ ನಿಲ್ಲತ್ತಲ್ವಾ?"

ತಿರುಮಲೇಶ ತುಳಸಿಯ ಕಡೆ ತಿರುಗಿದ. "ಯಾವ ಕಾರು?"

"ಭಾವ! ಬಾಗಿಲ ಆಚೆಗೆ ಕೇಳ್ಸತ್ತೆ. ತಿರುವು ಬಂದಾಗ ನೀವು ಬಾಯಲ್ಲಿ ಡುರ್‍ರ್ ಅಂತೀರಿ. ಆಫೀಸ್ ಕೆಲ್ಸಕ್ಕೆ ಯಾರಾದ್ರೂ ಹಾರ್ನ್ ಹೊಡೀತಾರಾ?" ಎಂದಳು. "ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಆದ್ರೆ ನಂಗೆ ಅವ್ರು ಬೇಕು ಭಾವ."

ತಿರುಮಲೇಶ ಲೆಕ್ಕ ಹಾಕಿದ. ಬಾಯಿಬಿಟ್ಟರೆ ಊರೆಲ್ಲ ನಗುತ್ತದೆ, ಬಿಡದಿದ್ದರೆ ಹುಡುಗಿ ಅಳುತ್ತಾಳೆ. ಅತ್ತ ದರಿ ಇತ್ತ ಪುಲಿ. ರಾತ್ರಿಯ ಊಟದಲ್ಲಿ ಸಾರಿಗೆ ಮಜ್ಜಿಗೆ ಬೆರೆಸಿ ಉಂಡು, ಅದು ತಿಳಿಯದೆ ಕೈತೊಳೆದ.

ಭಾನುವಾರ ಬೀಗರಾಗಬೇಕಾದವರು ಬಂದರು. ಕೌಸಲ್ಯಮ್ಮ ಎಷ್ಟು ಮುನಿದಿದ್ದರೂ ಮರ್ಯಾದೆಗೆ ಕಮ್ಮಿ ಮಾಡುವವರಲ್ಲ. ಗೋರೆಗಾಂವ್‌ನಿಂದ ಬರುವವರಿಗೆ ಮೆಷಿನ್ನು ಪೂರ್ತಿ ಕಾಣಲಿ ಎಂದು ಬೆಳಿಗ್ಗೆಯೇ ಗವಸು ತೆಗೆಸಿದ್ದರು. ನಂಜುಂಡಯ್ಯನವರು ಕೋಲು ಊರಿಕೊಂಡು ಒಳಕೋಣೆಗೆ ಬಂದು, ಪೆಟ್ಟಿಗೆಯನ್ನು ಕಳ್ಳ ತಕ್ಕಡಿ ನೋಡುವ ಹಾಗೆ ಸುತ್ತಲಿಂದಲೂ ನೋಡಿದರು. ಸೀತಾರಾಮ ಗೋಡೆಗೊರಗಿ ನಿಂತ. ಶಾಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮೋನಪ್ಪನೂ ವಿನೋದಿನಿಯೂ ಕರೆಯದೆಯೇ ಬಂದಿದ್ದರು.

"ಹ್ಞೂ, ಹಾಕಿ" ಎಂದರು ನಂಜುಂಡಯ್ಯ.

ತಿರುಮಲೇಶ ಎದ್ದು ನಿಂತ. ಕೈ ಮುಗಿದ.

"ಸ್ವಾಮಿ, ಜಾತಕದ್ದೇನೂ ತಪ್ಪಿಲ್ಲ. ಈ ಮೆಷಿನ್ ಯಾವಾಗ್ಲೂ ನಿಲ್ಲತ್ತೆ. ನಾನು ಇದ್ರಲ್ಲಿ ಆಫೀಸ್ ಕೆಲ್ಸ ಒಂದು ದಿನಾನೂ ಮಾಡಿಲ್ಲ. ನಾನು ಮಾಡೋದು... ಕಾರ್ ಓಡ್ಸೋದು. ಆಟದ ಕಾರು. ಅದಕ್ಕೂ ಹೀಗೇ ನಿಲ್ಲತ್ತೆ."

ಇನ್ನು ನಗುತ್ತಾರೆ, ಬೈಯುತ್ತಾರೆ ಎಂದು ತಿರುಮಲೇಶ ಕಣ್ಣು ಮುಚ್ಚಿಕೊಂಡ. ಕೇಳಿಸಿದ್ದು ಕೌಸಲ್ಯಮ್ಮ ಬಿಕ್ಕಿದ ಸದ್ದು.

"ನೋಡಿದ್ರಾ ನಮ್ಮ ಅಳಿಯಂದ್ರನ್ನ! ನಾದಿನಿ ಮದುವೆ ಮುರೀಬಾರ್ದು ಅಂತ ಎಂಥಾ ಸುಳ್ಳು ತಲೆ ಮೇಲೆ ಹೊತ್ಕೊಂಡ್ರು! ನಲವತ್ತು ದಾಟಿದ ಹೆಡ್ ಕ್ಲಾರ್ಕು, ಆಟ ಆಡ್ತೀನಿ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ಕೋತಾರಾ?"

"ದೇವರಂಥ ಮನುಷ್ಯ ಮಾರಾಯ್ರೆ!" ಎಂದ ಮೋನಪ್ಪ. ಸುಬ್ಬಲಕ್ಷ್ಮಿ ಗಂಡನನ್ನು ನೋಡಿದ ನೋಟದಲ್ಲಿ ಮದುವೆಯಾದಂದಿನಿಂದ ಕಾಣದಿದ್ದ ಗೌರವವಿತ್ತು.

ಜೀವಮಾನದಲ್ಲಿ ಒಂದು ನಿಜ ಹೇಳಿದರೆ ಅದಕ್ಕೆ ಈ ಗತಿ! ತಿರುಮಲೇಶನಿಗೆ ಸಿಟ್ಟು ಬಂತು. "ಸುಳ್ಳಲ್ಲ! ತೋರಿಸ್ತೀನಿ, ಈಗಲೇ ನಿಲ್ಲತ್ತೆ ನೋಡಿ" ಎಂದು ಫ್ಲಾಪಿ ತುರುಕಿ ಆಟ ಶುರುಮಾಡಿದ. ಕೆಂಪು ಕಾರು ಸಮುದ್ರದಂಡೆಗೆ ಬಂತು. ಹೊರಟಿತು. ಒಂದು ತಿರುವು, ಎರಡು ತಿರುವು. ತಿರುಮಲೇಶ ಮನಸ್ಸಿನಲ್ಲೇ, 'ನಿಲ್ಲಪ್ಪಾ, ನಿಂತ್ಕೋ ಮಹರಾಯ' ಎಂದು ಬೇಡಿಕೊಂಡ. ಮೈ ತೆರೆದು ಗಾಳಿಯಾಡುತ್ತಿದ್ದ ಪೆಟ್ಟಿಗೆ ಅಂದು ಎಂದೂ ಓಡದ ಹಾಗೆ ಓಡಿತು. ಮುಂದಿದ್ದ ಕಾರುಗಳೆಲ್ಲ ಹಿಂದೆ ಬಿದ್ದವು. ತಿರುಮಲೇಶ ತನ್ನ ಬಾಳಿನಲ್ಲಿ ಮೊದಲ ಬಾರಿಗೆ ರೇಸು ಗೆದ್ದ. ಪರದೆಯ ಮೇಲೆ ಬಾವುಟ ಹಾರಿತು.

"ನೋಡಿ!" ಎಂದರು ಕೌಸಲ್ಯಮ್ಮ, ಹಣೆ ಚಚ್ಚಿಕೊಂಡು. "ಕಾರಿಗೆ ನಿಲ್ಲಲ್ಲ, ಹುಡುಗನ ಹೆಸರಿಗೆ ಮಾತ್ರ ನಿಲ್ಲತ್ತೆ. ಇನ್ನೇನು ಬೇಕು ಸಾಕ್ಷಿ?"

ಶಾಮಲಾ ಮುಖ ಮುಚ್ಚಿಕೊಂಡಳು. ಸೀತಾರಾಮ ಗೋಡೆ ಬಿಟ್ಟು ಮುಂದೆ ಬಂದ. ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ಕನ್ನಡ ತಡವರಿಸುತ್ತಿತ್ತು. "ಅಪ್ಪಾ, ಛೋಡೋ ನಾ ಯೇ ಸಬ್, ಬಿಟ್ಬಿಡಿ. ಮೆಷಿನ್ ಅಂದ್ರೆ ಮೆಷಿನ್. ನಾನು ಇವ್ರನ್ನೇ ಮದುವೆ..."

ಅಪ್ಪನ ಕಣ್ಣು ಪರದೆಯ ಮೇಲಿತ್ತು.

"ಏಳ್ರೀ" ಎಂದರು ನಂಜುಂಡಯ್ಯ, ತಿರುಮಲೇಶನಿಗೆ. "ಯಾವುದು ಒತ್ತಿದ್ರೆ ಎಡಕ್ಕೆ ಹೋಗತ್ತೆ?"

ತಿರುಮಲೇಶ ಎದ್ದ. ಕೋಲು ಮಂಚಕ್ಕೊರಗಿತು. ಮೊದಲನೆಯ ಸಲ ನಂಜುಂಡಯ್ಯನವರ ಕಾರು ಸೀದಾ ಸಮುದ್ರಕ್ಕೆ ಹೋಯಿತು. ಎರಡನೆಯ ಸಲ ತೆಂಗಿನಮರಕ್ಕೆ. ಆಮೇಲೆ ಕೈ ಕೂತಿತು. ಅವರ ಬಾಯಿಂದ ತಾನಾಗಿಯೇ "ಡುರ್‍ರ್" ಎಂಬ ಸದ್ದು ಬಂದದ್ದನ್ನು ಶಾಮಲಾ ಸ್ಪಷ್ಟವಾಗಿ ಕೇಳಿದಳು. ಕೌಸಲ್ಯಮ್ಮ, "ಜಾತಕ..." ಎಂದರು. ನಂಜುಂಡಯ್ಯನವರು "ತಾಳೀಮ್ಮಾ!" ಎಂದರು.

ಮೆಷಿನ್ನಿನ ಎದುರು ಇಷ್ಟು ಹಿರಿಯರು ಕೂತಿರುವಾಗ ಅದರ ಹಣೆಯ ಕುಂಕುಮ ಮಾಸಿದ್ದು ಸುಬ್ಬಲಕ್ಷ್ಮಿಯ ಕಣ್ಣಿಗೆ ಬಿತ್ತು. ಬಟ್ಟಲು ತಂದು, ಮೆಲ್ಲನೆ ಬಗ್ಗಿ, ಚೌಕದ ಗುಂಡಿಗೆ ಒತ್ತಿ ಇಟ್ಟಳು. ಕೂಡಲೇ ಕಾರು ಬಿಕ್ಕತೊಡಗಿತು.

"ಏಯ್! ಏನಾಯ್ತಿದು? ಯಾರು ಏನು ಮಾಡಿದ್ರಿ?" ನಂಜುಂಡಯ್ಯ ಗುಡುಗಿದರು.

ಸೀತಾರಾಮ ಹತ್ತಿರ ಬಂದು ಅಂಕಿ ನೋಡಿದ. "ಆಂಟಿ, ಆ ಬಟನ್ ಮತ್ತೆ ದಬಾಯಿಸಿ." ಸುಬ್ಬಲಕ್ಷ್ಮಿ ಹೆದರಿಕೊಂಡೇ ಒತ್ತಿದಳು. ಕಾರು ಹಾರಿತು. "ಇನ್ನೊಂದ್ ಸಲ." ಒತ್ತಿದಳು. ಬಿಕ್ಕಿತು. "ಅದು ಸ್ಪೀಡಿಂದು ಬಟನ್ ಆಂಟಿ. ದಿನಾ ಒತ್ತುತೀರಾ?"

"ದಿನಾ. ಮಡಿಯಲ್ಲಿ" ಎಂದಳು ಸುಬ್ಬಲಕ್ಷ್ಮಿ. ಸೀತಾರಾಮ ಗುಂಡಿಯನ್ನು ಇನ್ನೊಮ್ಮೆ ಒತ್ತಿ ಕಾರನ್ನು ವೇಗಕ್ಕೆ ತಂದ.

ತಿರುಮಲೇಶ ಕುರ್ಚಿಯ ಹಿಂದಿನ ಮಂಚದ ಮೇಲೆ ಕುಸಿದು ಕೂತ. ತಿಂಗಳುಗಟ್ಟಲೆ ಅವನ ಕಾರನ್ನು ದಿನ ಬಿಟ್ಟು ದಿನ ಕುಂಟಿಸಿದ್ದು ಹೆಂಡತಿಯ ಉಂಗುರದ ಬೆರಳು! ಆದರೆ ಪೂರ್ತಿ ನಿಲ್ಲುವುದು ಯಾಕೆ ಎಂಬ ಪ್ರಶ್ನೆ ಉಳಿದೇ ಇತ್ತು. ಅದಕ್ಕೂ ಉತ್ತರ ಕೊಟ್ಟವಳು ಆ ಸಾಧ್ವಿಯೇ. ದೀಪ ಹಚ್ಚುವ ಹೊತ್ತಾಯಿತು, ಕಿಟಕಿಯಿಂದ ಧೂಳು ಬರುತ್ತದೆ ಎಂದು ಅವಳು ಮಖಮಲ್ಲಿನ ಗವಸು ತಂದು, ನಂಜುಂಡಯ್ಯನವರ ಕೈಗೆ ಅಡ್ಡಿಯಾಗದಂತೆ ಜಾಣತನದಿಂದ ಪೆಟ್ಟಿಗೆಗೆ ತೊಡಿಸಿದಳು. ನೆರಿಗೆ ಹಿಂದಕ್ಕೆ ಇಳಿಯಿತು. ಕಾರು ಆಮೇಲಿನ ನಾಲ್ಕನೆಯ ರೇಸಿನ ಕೊನೆಯ ತಿರುವಿಗೆ ಬಂದಿತ್ತು, ಮುಂದೆ ಬಾವುಟ ಕಾಣುತ್ತಿತ್ತು. ಪರದೆ ನಿಂತಿತು.

ನಂಜುಂಡಯ್ಯನವರು ಎದ್ದೇ ಬಿಟ್ಟರು. ಪೆಟ್ಟಿಗೆ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡರು. "ಕಾವಲಿಯಾಗಿದೆ! ದೋಸೆ ಹುಯ್ಯಬಹುದು! ಇದಕ್ಕೆ ಕಂಬಳಿ ಹೊದಿಸಿದೋರು ಯಾರ್‍ರೀ? ತೆಗೀರಿ ಮೊದಲು!" ಎಂದು ಗವಸನ್ನು ತಾವೇ ಕಿತ್ತೆಸೆದರು. ಅದು ಹೋಗಿ ಮೋನಪ್ಪನ ತಲೆಯ ಮೇಲೆ ಬಿತ್ತು. ಪೆಟ್ಟಿಗೆ ತಣ್ಣಗಾಗುವವರೆಗೆ ಬೀಸಣಿಗೆಯಲ್ಲಿ ಗಾಳಿ ಹಾಕಿದ್ದೂ ಅವರೇ. ಆಮೇಲೆ ಮತ್ತೆ ಹಚ್ಚಿದರೆ ಚೆನ್ನಾಗಿ ಓಡಿತು.

"ಅಂದ್ರೆ ನಮ್ಮ ಹುಡುಗನ ಹೆಸರಲ್ಲಿ ದೋಷ ಇಲ್ಲ" ಎಂದಳು ಶಾಮಲಾ. ಅಷ್ಟು ಜನರ ನಡುವೆ 'ನಮ್ಮ ಹುಡುಗ' ಎಂದುಬಿಟ್ಟೆನೆಂದು ಅವಳಿಗೆ ತಿಳಿದದ್ದು ವಿನೋದಿನಿ ಕಿಸಕ್ಕನೆ ನಕ್ಕಾಗ.

ಕೌಸಲ್ಯಮ್ಮ ಸಣ್ಣ ದನಿಯಲ್ಲಿ, "ಹಾಗಾದ್ರೆ ಈಗ ಗವಸಿಲ್ದೆ ಒಂದ್ಸಲ ಜಾತಕ ಹಾಕಿ..." ಎಂದರು.

"ಜಾತಕಕ್ಕೆ ಈ ಆಟ ನಿಲ್ಲಿಸ್ಬೇಕಾ?" ಎಂದು ಕೇಳಿದರು ನಂಜುಂಡಯ್ಯ.

"ಹೌದು, ಫ್ಲಾಪಿ ತೆಗೀಬೇಕು" ಎಂದ ತಿರುಮಲೇಶ.

"ಹಾಗಿದ್ರೆ ಜಾತಕ ಬೇಡ. ಹುಡುಗ ಹುಡುಗಿ ಒಪ್ಪಿದಾರೆ, ನಮಗೆ ಸಮ್ಮತ. ಮನಸ್ಸು ಕೂಡಿದ ಮೇಲೆ ಗಣಕೂಟ ಯಾಕ್ರೀ? ಇವತ್ತೇ ತಾಂಬೂಲ ಬದಲಾಯಿಸ್ಕೊಳ್ಳೋಣ."

ಶಾಮಲಾ ಅಡುಗೆಮನೆಗೆ ಓಡಿದಳು. ಹೋಗುವಾಗ ತಿರುಮಲೇಶನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ತಿರುಮಲೇಶನಿಗೆ ಕಣ್ಣು ಮಂಜಾಯಿತು. ಮರ್ಯಾದೆ ಹೋದರೆ ಹೋಗಲಿ, ಹುಡುಗಿ ಗೆದ್ದಳಲ್ಲ!

ಮರ್ಯಾದೆಯೇನೋ ಹೋಗಲಿಲ್ಲ. ಹೋದದ್ದು ಕುರ್ಚಿ. ಗಂಡಿನ ತಂದೆ ಕೂತ ಕುರ್ಚಿಯಿಂದ ಏಳಿ ಎಂದು ಹೆಣ್ಣಿನ ಕಡೆಯವರು ಹೇಳಿದ ಉದಾಹರಣೆ ಯಾವ ಶಾಸ್ತ್ರದಲ್ಲೂ ಇಲ್ಲ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಹಣ್ಣು ಜೋಡಿಸಿಕೊಂಡು, ಹೆಣ್ಣಿನ ತಂದೆಯ ಸ್ಥಾನದಲ್ಲಿ ತಿರುಮಲೇಶ ಪಂಚೆ ಉಟ್ಟು ಬಂದು ನಿಂತ. ನಂಜುಂಡಯ್ಯನವರು ತಿರುಗಲಿಲ್ಲ. ಒಂದು ರೇಸು ಮುಗಿಯಿತು, ಇನ್ನೊಂದು ಶುರುವಾಯಿತು. ತಿರುಮಲೇಶನ ಕೈ ಸೋತಿತು. ಮುಹೂರ್ತ ಮೀರುತ್ತಿದೆ ಎಂದು ಕೌಸಲ್ಯಮ್ಮ ಹಿಂದಿನಿಂದ ತಿವಿದರು.

"ಬೀಗರೆ, ತಾಂಬೂಲ..." ಎಂದ ತಿರುಮಲೇಶ.

ನಂಜುಂಡಯ್ಯನವರು ಪರದೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿದರು. ಎಡಗೈಯಲ್ಲಿ ತಾಂಬೂಲವೇ ಎಂದು ಕೌಸಲ್ಯಮ್ಮ ಹೌಹಾರಿದ್ದು ಕೇಳಿ, ಅವಸರದಿಂದ ಬಲಗೈ ಚಾಚಿದರು. ಆ ಒಂದು ಚಣದಲ್ಲಿ ಕಾರು ಕಡಿದಾದ ತಿರುವಿನಲ್ಲಿ ಉರುಳಿ ಬಂಡೆಗೆ ಬಡಿದು ಪುಡಿಪುಡಿಯಾಯಿತು.

ಹೊಸ ಬೀಗರು ತಟ್ಟೆ ಹಿಡಿದುಕೊಂಡೇ ತಿರುಗಿ, ತಿರುಮಲೇಶನನ್ನು ಸುಡುವ ಹಾಗೆ ನೋಡಿದರು.

"ಹೆಣ್ಣಿನ ಕಡೆಯೋರು, ಸ್ವಲ್ಪ ತಾಳ್ಮೆ ಇರಬೇಕು ಕಣ್ರೀ!"

"ತಪ್ಪಾಯ್ತು, ಬೀಗರೆ" ಎಂದು ತಿರುಮಲೇಶ ಬಗ್ಗಿ ಕೈ ಮುಗಿದ. "ಮೊದಲಿಂದ ಓಡ್ಸಿ. ನಾನು ನಿಂತಿರ್ತೀನಿ."